ಔಟ್ ಆದವರು ಎಲ್ಲಿ ಕೂರಬೇಕು?

ನಮ್ಮೂರಲ್ಲಿ ಮೈಮೇಲೆ ಬಣ್ಣ ಬಿತ್ತು ಅಂದ್ರೆ ಆಟದೊಳಕ್ಕೆ ಬಂದೆ ಅಂತ ಅರ್ಥ. ಬೆಂಗಳೂರಲ್ಲಿ ಮೈಮೇಲೆ ಬಣ್ಣ ಬಿತ್ತು ಅಂದ್ರೆ ಆಟದಿಂದ ಹೊರಗೆ ಹೋದೆ ಅಂತ ಅರ್ಥ. ಒಂದು ಓಕುಳಿ, ಇನ್ನೊಂದು ಪೇಂಟ್‌ಬಾಲ್.

ನಮ್ಮೂರು ಅಂದ್ರೆ ಎಮ್ಮಿಗನೂರು. ಆಂಧ್ರದಲ್ಲಿ ಮಂತ್ರಾಲಯದ ಹತ್ತಿರ ಇರೋ ಎಮ್ಮಿಗನೂರಲ್ಲ; ಬಳ್ಳಾರಿ ಜಿಲ್ಲೆ, ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರು. ಭತ್ತದ ಸೀಮೆ. ಹೋಳಿ ಬಂತು ಅಂದ್ರೆ ನಮ್ಮ ಕಡೆ ಹುಡುಗರಿಗೆ ಎರಡು ದಾರಿ. ಊರಲ್ಲೇ ಆಡೋದು, ಇಲ್ಲಾ ಬೈಕ್ ಹತ್ತಿ ಹಂಪಿಗೆ ಹೋಗಿ ಫಾರಿನ್ನವರ ಜೊತೆ ಆಡೋದು. ಹಂಪಿಯಲ್ಲಿ ಬಣ್ಣ ಎರಚೋದು ಹೊಸ ಚಟ ಏನಲ್ಲ. ರಾಜ, ರಾಣಿ, ಸುತ್ತಲೂ ಕೊಳವೆ ಹಿಡಿದು ಬಣ್ಣದ ನೀರು ಹಾರಿಸೋಕೆ ನಿಂತ ಸಖಿಯರು, ಹೀಗೊಂದು ದೃಶ್ಯವನ್ನ ವಿಜಯನಗರದ ಶಿಲ್ಪಿಗಳು ಅಲ್ಲಿ ಕಲ್ಲಲ್ಲೇ ಕೆತ್ತಿಟ್ಟಿದ್ದಾರೆ. ಓಕುಳಿಯಲ್ಲಿ ಔಟ್ ಅನ್ನೋದೇ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು ಕಟ್ಟೆ ಮೇಲೆ ದೂರ ಕೂತಿರ್ತಾನಲ್ಲ, ಆವತ್ತು ಅವನೊಬ್ಬನೇ ಹೊರಗಿನವನು.

ಇನ್ನು ಪೇಂಟ್‌ಬಾಲ್. ಇದನ್ನ ಓದ್ತಿರೋ ನಿಮ್ಮಲ್ಲಿ ಅರ್ಧ ಜನ ಟೀಮ್ ಔಟಿಂಗ್ ಅಂತ ಹೋಗಿ ಆಡೇ ಇರ್ತೀರಿ. ಬೆವರು ವಾಸನೆ ಹೊಡೆಯೋ ಸೈನಿಕರ ಬಣ್ಣದ ಕೋಟು, ಮಂಜು ಕಟ್ಟಿದ ಮಾಸ್ಕು, ಕೈಗೊಂದು ಗನ್ನು. ಅದನ್ನ ಗನ್ ಅನ್ನಬಾರದು, ಮಾರ್ಕರ್ ಅನ್ನಬೇಕು ಅಂತ ಅಲ್ಲಿನ ಹುಡುಗ ಒಂದು ಸಲ ಹೇಳ್ತಾನೆ, ಆಮೇಲೆ ಅವನೂ ಗನ್ ಅಂತಾನೇ ಅಂತಾನೆ. ಒಳಗಿನ ಗುಂಡು 0.68 ಇಂಚು, ಅಂದ್ರೆ ಹೆಚ್ಚುಕಮ್ಮಿ 17 ಮಿಲಿಮೀಟರ್. ಮೀನೆಣ್ಣೆ ಮಾತ್ರೆ ನೋಡಿದ್ದೀರಲ್ಲ, ಅದೇ ಜಾತಿಯ ಜಿಲೆಟಿನ್ ಸಿಪ್ಪೆ, ಒಳಗೆ ನೀರಲ್ಲಿ ತೊಳೆದರೆ ಹೋಗೋ ಬಣ್ಣ. ಸೆಕೆಂಡಿಗೆ 300 ಅಡಿ ವೇಗ ಮೀರಬಾರದು ಅನ್ನೋದು ಸಾಮಾನ್ಯ ಮಿತಿ. ಗಂಟೆಗೆ ಸುಮಾರು 330 ಕಿಲೋಮೀಟರ್ ಆಯ್ತು. ಅದಕ್ಕೇ ಮೈದಾನದೊಳಗೆ ಇರೋವರೆಗೆ ಏನೇ ಆದ್ರೂ ಮಾಸ್ಕ್ ತೆಗೀಬೇಡಿ ಅನ್ನೋದು. ತೊಡೆಗೆ ಬಿದ್ರೆ ನಾಲ್ಕು ದಿನದ ನೀಲಿ ಕಲೆ. ಕಣ್ಣಿಗೆ ಬಿದ್ರೆ ಕಣ್ಣೇ ಹೋಗುತ್ತೆ.

ಈ ಆಟ ಹುಟ್ಟಿದ್ದು ನಮ್ಮಂಥವರ ಜಗಳದಿಂದಲೇ. ಹೇಯ್ಸ್ ನೋಯೆಲ್ ಅಂತ ನ್ಯೂಯಾರ್ಕಿನ ಒಬ್ಬ ಷೇರು ವ್ಯಾಪಾರಿ, ಚಾರ್ಲ್ಸ್ ಗೇನ್ಸ್ ಅಂತ ನ್ಯೂಹ್ಯಾಂಪ್‌ಶೈರ್‌ನ ಒಬ್ಬ ಲೇಖಕ, ಇಬ್ಬರೂ ಗೆಳೆಯರು. ಕಾಡಿಗೆ ಬಿಟ್ಟರೆ ಬದುಕಿ ಬರೋನು ಪಟ್ಟಣದವನೋ ಹಳ್ಳಿಯವನೋ ಅಂತ ಇವರಿಬ್ಬರ ವಾದ. ವಾದ ಮುಗೀಲೇ ಇಲ್ಲ. ಆಗ ಕಣ್ಣಿಗೆ ಬಿದ್ದಿದ್ದು ನೆಲ್‌ಸ್ಪಾಟ್ 007 ಅನ್ನೋ ಪಿಸ್ತೂಲು. ಕಡಿಯಬೇಕಾದ ಮರಕ್ಕೆ, ಬೇರೆ ಮಾಡಬೇಕಾದ ದನಕ್ಕೆ ದೂರದಿಂದಲೇ ಬಣ್ಣದ ಗುರುತು ಹಾಕೋಕೆ ನೆಲ್ಸನ್ ಪೇಂಟ್ ಕಂಪನಿ ಮಾರುತ್ತಿದ್ದ ಸಾಮಾನು ಅದು. ಮಾರ್ಕರ್ ಅನ್ನೋ ಹೆಸರು ಬಂದಿದ್ದೇ ಈ ಗುರುತಿನ ಕೆಲಸದಿಂದ. ಬಾಬ್ ಗರ್ನ್‌ಸಿ ಅನ್ನೋ ಮೂರನೆಯವನನ್ನ ಸೇರಿಸಿಕೊಂಡು ನಿಯಮ ಬರೆದರು. 1981ರ ಜೂನ್ 27ರಂದು ನ್ಯೂಹ್ಯಾಂಪ್‌ಶೈರ್‌ನ ಹೆನಿಕರ್ ಅನ್ನೋ ಊರಿನ ಕಾಡಿನಲ್ಲಿ 12 ಜನ ಮೊದಲ ಸಲ ಆಡಿದರು.

ಗೆದ್ದಿದ್ದು ರಿಚಿ ವೈಟ್. ಕಾಡಿನ ಕೆಲಸ ಮಾಡ್ತಿದ್ದ ಮನುಷ್ಯ. ಹಳ್ಳಿ ಗೆದ್ದಿತು ಅಂತ ನಾವು ಶಿಳ್ಳೆ ಹೊಡೀಬಹುದು. ಅದಕ್ಕಿಂತ ಮಜಾ ಇನ್ನೊಂದಿದೆ. ಅವನು ಒಂದೇ ಒಂದು ಗುಂಡೂ ಹಾರಿಸದೆ ಗೆದ್ದ. ಯಾಕಂದ್ರೆ ಆ ಆಟದ ಗುರಿ ಹೊಡೆಯೋದು ಆಗಿರಲಿಲ್ಲ. ಕಾಡಿನ ಬೇರೆ ಬೇರೆ ಕಡೆ ಇಟ್ಟಿದ್ದ ಬಾವುಟಗಳನ್ನ ಒಂದೊಂದಾಗಿ ತೆಗೆದುಕೊಂಡು, ಯಾರ ಬಣ್ಣಕ್ಕೂ ಸಿಗದೆ ಹೊರಗೆ ಬರಬೇಕಿತ್ತು. ಉಳಿದವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಓಡಾಡೋವಾಗ ಅವನು ಸದ್ದಿಲ್ಲದೆ ಬಾವುಟ ಕೂಡಿಸಿಕೊಂಡು ಬಂದ.

ಮೊದಲ ಆಟ ಹೀಗಿತ್ತು ಅಂದಮೇಲೆ, ನಮ್ಮ ರೆಸಾರ್ಟುಗಳಲ್ಲಿ ಪೇಂಟ್‌ಬಾಲ್ ಅಂದ್ರೆ "ಎರಡು ಟೀಮು, ಎದುರಿನವರನ್ನೆಲ್ಲ ಹೊಡೀರಿ" ಅಂತ ಯಾಕಾಯ್ತು? ಅದಕ್ಕೆ ಎಲಿಮಿನೇಷನ್ ಅಂತಾರೆ. ವಿವರಿಸೋಕೆ ಒಂದು ನಿಮಿಷ ಸಾಕು, ಬೇಗ ಮುಗಿಯುತ್ತೆ, ಮುಂದಿನ ಬ್ಯಾಚ್ ಒಳಗೆ ಬಿಡಬಹುದು. ಊಟದ ಸಾಲಲ್ಲಿ ಬರೀ ಅನ್ನ ಸಾರು ಬಡಿಸಿದ ಹಾಗೆ. ಅನ್ನ ಸಾರಿಗೆ ಏನೂ ಕೊರತೆ ಇಲ್ಲ, ಆದ್ರೆ ಅಡುಗೆಮನೆಯಲ್ಲಿ ಇನ್ನೂ ಏನೇನೋ ಇದೆ ಅಂತ ನಮಗೆ ಯಾರೂ ಹೇಳೋದಿಲ್ಲ.

ನನ್ನ ಲೆಕ್ಕದಲ್ಲಿ ಪೇಂಟ್‌ಬಾಲಿನ ಬಗೆಗಳೆಲ್ಲ ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ. ಪ್ರಶ್ನೆ ಏನಂದ್ರೆ, ಔಟ್ ಆದವನನ್ನ ಏನು ಮಾಡೋದು?

ಈ ಪ್ರಶ್ನೆಗೆ ನಮ್ಮ ಕಬಡ್ಡಿ ಎಂದೋ ಮೂರು ಉತ್ತರ ಕೊಟ್ಟಿದೆ. ಗಾಮಿನಿ ಅಂತ ಒಂದು ಬಗೆ. ಔಟ್ ಆದವನು ಹೊರಗೆ ಕೂತ ಅಂದ್ರೆ ಕೂತ. ತನ್ನ ಕಡೆಯವರೆಲ್ಲ ಔಟ್ ಆಗೋವರೆಗೆ ಒಳಗೆ ಬರೋ ಹಾಗಿಲ್ಲ. ಅಮರ್ ಅಂತ ಇನ್ನೊಂದು. ಔಟ್ ಆದ್ರೂ ಯಾರೂ ಹೊರಗೆ ಹೋಗಲ್ಲ, ಎದುರಿನವರಿಗೆ ಅಂಕ ಸೇರುತ್ತೆ, ಆಟ ನಡೀತಾನೇ ಇರುತ್ತೆ. ಮೂರನೆಯದು ಸಂಜೀವನಿ. ನಮ್ಮವನೊಬ್ಬ ಎದುರಿನವನನ್ನ ಔಟ್ ಮಾಡಿದರೆ ಹೊರಗೆ ಕೂತಿದ್ದ ನಮ್ಮವನೊಬ್ಬನಿಗೆ ಜೀವ ಬರುತ್ತೆ. ಟಿವಿಯಲ್ಲಿ ಬೆಂಗಳೂರು ಬುಲ್ಸ್ ಆಡೋವಾಗ ನೀವು ನೋಡೋದು ಈ ಸಂಜೀವನಿಯ ಆಟವನ್ನೇ. ಗೆರೆಯಾಚೆ ಕೂತವನೂ ಕಣ್ಣು ಮಿಟುಕಿಸದೆ ನೋಡ್ತಾ ಇರ್ತಾನೆ, ಯಾಕಂದ್ರೆ ಯಾವ ಕ್ಷಣದಲ್ಲಾದ್ರೂ ಅವನು ಮತ್ತೆ ಒಳಗೆ ಬರಬಹುದು.

ಪೇಂಟ್‌ಬಾಲಿನ ಎಲಿಮಿನೇಷನ್ ಪಕ್ಕಾ ಗಾಮಿನಿ. ಔಟ್ ಆದವರಿಗೆ ಒಂದು ತಗಡಿನ ಶೆಡ್ಡು, ಒಂದು ಬೆಂಚು.

ಬೆಂಚು ಅನ್ನೋ ಮಾತು ಬಂದ್ರೆ ನಮ್ಮ ಫೀಲ್ಡಿನವರಿಗೆ ಹೊಟ್ಟೆಯೊಳಗೆ ಒಂದು ಸಣ್ಣ ಚಳಿ. ಎರಡು ವರ್ಷದ ಹಿಂದೆ, ಅಪ್ರೈಸಲ್ ಮುಗಿದ ಹೊಸತರಲ್ಲಿ, ನಮ್ಮ 16 ಜನರ ತಂಡ ಬೆಂಗಳೂರಿನ ಹೊರಗಿನ ಒಂದು ರೆಸಾರ್ಟಿಗೆ ಹೋಗಿತ್ತು. ತಂಡಕ್ಕೆ ಆಗಷ್ಟೇ ಸೇರಿದ್ದ ಟೆಸ್ಟಿಂಗ್‌ನ ಒಬ್ಬರು ಮೇಡಂ ಇದ್ದರು. ಅದಕ್ಕೂ ಮುಂಚೆ ಮೂರು ತಿಂಗಳು ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿದ್ದವರು. ದಿನಾ ಬಂದು, ಕಾರ್ಡ್ ಉಜ್ಜಿ, ಯಾರೂ ಏನೂ ಹೇಳದ ಇನ್‌ಬಾಕ್ಸ್ ನೋಡಿ ಮನೆಗೆ ಹೋಗೋದು. ಕೆಲಸ ಇದೆ ಅಂತಲೂ ಇಲ್ಲ, ಹೋಯ್ತು ಅಂತಲೂ ಇಲ್ಲ. ಮೈದಾನದಲ್ಲಿ ಮೊದಲ ಆಟ ಶುರುವಾಗಿ ಒಂದು ನಿಮಿಷ ಆಗಿರಲಿಲ್ಲ, ಅವರ ಹೆಗಲ ಮೇಲೆ ಹಳದಿ ಬಣ್ಣ ಒಡೀತು. ಕೈ ಎತ್ತಿ ಶೆಡ್ಡಿಗೆ ಹೋದರು. ಎರಡನೇ ಆಟದಲ್ಲೂ ಅಷ್ಟೇ. ಮೂರನೇ ಆಟಕ್ಕೆ ಕರೆದಾಗ ಎದ್ದೇ ಬರಲಿಲ್ಲ. "ಇಲ್ಲೂ ಬೆಂಚೇನಾ? ನಾನು ಇಲ್ಲೇ ಕೂತಿರ್ತೀನಿ ಬಿಡಿ" ಅಂದ್ರು. ನಗ್ತಾನೇ ಅಂದ್ರು. ಅವರ ಡಬ್ಬಿಯಲ್ಲಿ ಗುಂಡು ಹೆಚ್ಚುಕಮ್ಮಿ ಪೂರ್ತಿ ಹಾಗೇ ಇತ್ತು.

ಅದೇ ಹೊತ್ತಿಗೆ ಮ್ಯಾನೇಜರ್ ಮಾತ್ರ ಮೈದಾನದ ನಟ್ಟನಡುವೆ ನಿಂತು ಆರಾಮಾಗಿ ಗುಂಡು ಹಾರಿಸ್ತಿದ್ದರು. ಅವರಿಗೆ ಗುರಿ ಇಡೋಕೆ ಯಾರಿಗೂ ಕೈ ಬರ್ತಿಲ್ಲ.

ನಮ್ಮ ಆಟ ನೋಡ್ಕೊಳ್ಳೋಕೆ ನಿಂತಿದ್ದ ಮಾರ್ಷಲ್ ಹುಡುಗ ಮಾತಿನ ಧಾಟಿಯಿಂದಲೇ ನಮ್ಮ ಕಡೆಯವನು ಅಂತ ಗೊತ್ತಾಯ್ತು. ಕೇಳಿದೆ. "ಸಿಂಧನೂರು ಸಾರ್. ನಿಮ್ದು?" "ಎಮ್ಮಿಗನೂರು, ಕಂಪ್ಲಿ ಹತ್ರ." ಅಷ್ಟು ಸಾಕಾಯ್ತು, ಸಾರ್ ಹೋಗಿ ಅಣ್ಣ ಆಯ್ತು. ಮೆಲ್ಲಗೆ ಅಂದ: "ಅಣ್ಣ, ಹಿಂಗ ಆಡಿದ್ರ ನಿಮ್ಮೋರು ಅರ್ಧ ಮಂದಿ ಇಲ್ಲೇ ಕುಂತಿರ್ತಾರ. ಮೆಡಿಕ್ ಆಡ್ಸಲೇನು? ಗುಂಡು ಜಾಸ್ತಿ ಖರ್ಚಾಗ್ತಾವ ನೋಡ್ರಿ ಮತ್ತ."

ಮೆಡಿಕ್ ಆಟ ಹೀಗೆ. ಪ್ರತಿ ತಂಡಕ್ಕೂ ಒಬ್ಬ ವೈದ್ಯ. ಗುಂಡು ಬಿದ್ದವನು ಶೆಡ್ಡಿಗೆ ಹೋಗೋದಿಲ್ಲ, ಬಿದ್ದ ಜಾಗದಲ್ಲೇ ಕೂತು "ಮೆಡಿಕ್!" ಅಂತ ಕೂಗಬೇಕು. ವೈದ್ಯ ತಪ್ಪಿಸಿಕೊಂಡು ಬಂದು ಮುಟ್ಟಿದರೆ ಜೀವ ಬಂತು, ಬಣ್ಣ ಒರೆಸಿಕೊಂಡು ಮತ್ತೆ ಆಟಕ್ಕೆ. ವೈದ್ಯನಿಗೇ ಗುಂಡು ಬಿದ್ದರೆ ಆಮೇಲೆ ಯಾರಿಗೂ ಜೀವ ಇಲ್ಲ. ಇನ್ನು ಉಳಿದವರೆಷ್ಟೋ ಅಷ್ಟೇ. ಕಬಡ್ಡಿಯ ಸಂಜೀವನಿಗೂ ಇದಕ್ಕೂ ದಾಯಾದಿ ಸಂಬಂಧ ಅಂತ ನಿಮಗೂ ಅನ್ನಿಸ್ತಿರಬೇಕು.

ನಮ್ಮ ತಂಡಕ್ಕೆ ಟೆಸ್ಟಿಂಗ್ ಮೇಡಂ ವೈದ್ಯರಾದರು. ಗುರಿ ಇಟ್ಟು ಹೊಡೆಯೋ ಕೆಲಸ ಇಲ್ಲ ಅಂತಲೇ ಒಪ್ಪಿಕೊಂಡಿದ್ದು. ಆಮೇಲೆ ನೋಡಬೇಕಿತ್ತು. ಎಲ್ಲಿ ಸಂದಿ ಇದೆ, ಯಾವ ಡ್ರಮ್ಮಿನ ಹಿಂದೆ ಯಾರಿದ್ದಾರೆ, ಎದುರಿನವನ ಗುಂಡು ಯಾವಾಗ ಖಾಲಿ ಆಗುತ್ತೆ, ಎಲ್ಲ ಅವರ ತಲೆಯಲ್ಲಿ. ನಾವು ಬರೆದ ಕೋಡಿನಲ್ಲಿ ತೂತು ಹುಡುಕೋರಲ್ಲವಾ! ಮ್ಯಾನೇಜರ್ ಈ ಸಲ ಬಿದ್ದರು. ಟಯರುಗಳ ಹಿಂದೆ ಕೂತು "ಮೆಡಿಕ್! ಮೆಡಿಕ್!" ಅಂತ ಕೂಗಿದರು. ಮೇಡಂ ಅವರ ಕಡೆ ಒಂದು ಸಲ ನೋಡಿ, ಹತ್ತಿರದಲ್ಲಿದ್ದ ಫ್ರೆಶರ್ ಹುಡುಗನ ಕಡೆ ಓಡಿದರು. ಸರಿಯಾದ ನಿರ್ಧಾರವೇ, ಅವನು ಬಾವುಟಕ್ಕೆ ಹತ್ತಿರ ಇದ್ದ. ಮ್ಯಾನೇಜರ್ ಕಾದರು. ಕಾಯೋದು ಹೇಗಿರುತ್ತೆ ಅಂತ ಅವರಿಗೂ ಗೊತ್ತಾಗಿರಬೇಕು.

ಒಂದು ಆಟದಿಂದ ಕಂಪನಿ ಬದಲಾಯ್ತು ಅಂತ ಹೇಳೋಕೆ ನಾನು ಎಚ್‌ಆರ್ ಅಲ್ಲ. ಸೋಮವಾರ ಎಲ್ಲ ಹಾಗೇ ಇತ್ತು. ಒಂದು ಸಣ್ಣ ವ್ಯತ್ಯಾಸ ಮಾತ್ರ: ಅಲ್ಲಿವರೆಗೆ "ಟೆಸ್ಟಿಂಗ್‌ನವರು" ಅಂತಿದ್ದವರೆಲ್ಲ ಅವರನ್ನ ಹೆಸರು ಹಿಡಿದು ಕರೆಯೋಕೆ ಶುರು ಮಾಡಿದರು.

ಉಳಿದ ಬಗೆಗಳನ್ನ ಬೇಗ ಹೇಳಿಬಿಡ್ತೀನಿ, ಬುಕ್ ಮಾಡೋವಾಗ ನಿಮಗೂ ಬೇಕಾಗುತ್ತೆ.

ಬಾವುಟದ ಆಟದಲ್ಲಿ ಎರಡು ದಾರಿ. ಎದುರಿನವರ ಬಾವುಟ ಕದ್ದು ನಮ್ಮ ಜಾಗಕ್ಕೆ ತರೋದು ಒಂದು. ನಡುವೆ ಒಂದೇ ಬಾವುಟ ನೆಟ್ಟು ಯಾರು ಮೊದಲು ಕಿತ್ತು ಒಯ್ತಾರೆ ಅನ್ನೋದು ಇನ್ನೊಂದು. ಲಗೋರಿ ಆಡಿದವರಿಗೆ ಇದು ತಕ್ಷಣ ಹಿಡಿಸುತ್ತೆ. ಲಗೋರಿಯಲ್ಲೂ ಚೆಂಡಿನಿಂದ ಹೊಡೆಸಿಕೊಳ್ಳೋದು ಇದ್ದದ್ದೇ, ಆದ್ರೆ ಗೆಲ್ಲೋದು ಏಳು ಕಲ್ಲು ಮತ್ತೆ ಪೇರಿಸಿದವರು. ಬೆನ್ನಿಗೆ ಚೆಂಡು ಬೀಳೋ ಭಯದಲ್ಲೂ ಕೊನೇ ಕಲ್ಲು ಇಡೋಕೆ ಒಬ್ಬ ಬಗ್ಗಲೇಬೇಕು.

ರೀಸ್ಪಾನ್ ಅಂತ ಇದೆ. ಗುಂಡು ಬಿದ್ದರೆ ವಾಪಸ್ ನಮ್ಮ ಜಾಗಕ್ಕೆ ಓಡಿಹೋಗಿ, ಕಂಬ ಮುಟ್ಟಿ, ಮತ್ತೆ ಬರೋದು. ಯಾರೂ ಕೂರೋ ಹಾಗಿಲ್ಲ, ಕಬಡ್ಡಿಯ ಅಮರ್‌ಗೆ ಹತ್ತಿರದ್ದು. ದಿಬ್ಬ ಹಿಡಿಯೋ ಆಟ, ಕೋಟೆ ಕಾಯೋ ಆಟ, ಇವನ್ನ ಹೆಚ್ಚಾಗಿ ಈ ನಿಯಮದಲ್ಲೇ ಆಡ್ತಾರೆ. ಸಮಯ ಮುಗಿದಾಗ ದಿಬ್ಬ ಯಾರ ಕೈಲಿದೆಯೋ ಅವರು ಗೆದ್ದರು. ಉಸಿರು ಕಿತ್ತು ಬರುತ್ತೆ. ಹೊಟ್ಟೆ ತುಂಬ ಬಿರಿಯಾನಿ ತಿಂದಮೇಲೆ ಆಡೋಕೆ ಹೋಗಬೇಡಿ.

ಜೋಂಬಿ ಆಟದಲ್ಲಿ ಗುಂಡು ಬಿದ್ದವನು ಎದುರಿನ ಪಾರ್ಟಿ ಸೇರಬೇಕು. ಕೊನೆಗೆ ಒಬ್ಬ ಉಳಿಯೋವರೆಗೆ ಅವರ ಸಂಖ್ಯೆ ಬೆಳೀತಾ ಹೋಗುತ್ತೆ. ಮುಟ್ಟಿದವರೆಲ್ಲ ಕೈ ಕೈ ಹಿಡಿದು ಉಳಿದವರನ್ನ ಅಟ್ಟಿಸಿಕೊಂಡು ಹೋಗೋ ಸರಪಳಿ ಆಟ ಇದೆಯಲ್ಲ, ಅದೇ ಇದು. ನಿನ್ನೆವರೆಗೆ ಪಕ್ಕದಲ್ಲಿ ಕೂತಿದ್ದವನು ಇವತ್ತು ಎದುರಿನ ಕಂಪನಿಯ ಟೀಶರ್ಟ್ ಹಾಕ್ಕೊಂಡು ಬಂದ್ರೆ ಹೇಗೆ ಅನ್ನಿಸುತ್ತೆ ಅಂತ ನಿಮಗೆ ವಿವರಿಸಬೇಕಿಲ್ಲ.

ಇನ್ನೊಂದು, ಎಲ್ಲರಿಗೂ ಎಲ್ಲರೂ ಶತ್ರು. ತಂಡವೇ ಇಲ್ಲ, ಕೊನೆಗೆ ಉಳಿದ ಒಬ್ಬನೇ ಗೆದ್ದ. ಇದನ್ನ ದುಡ್ಡು ಕೊಟ್ಟು ಆಡೋದು ಯಾಕೆ ಅಂತ ನನಗನ್ನಿಸುತ್ತೆ. ಅಪ್ರೈಸಲ್ ತಿಂಗಳಲ್ಲಿ ಪುಕ್ಕಟೆ ಸಿಗುತ್ತಲ್ಲ.

ಇನ್ನು ಉಳಿದಿದ್ದು ವಿಐಪಿ ಆಟ. ಅದರ ಬಗ್ಗೆ ಹೇಳೋಕೆ ಮುಂಚೆ ನನ್ನ ತಮ್ಮನ ವಿಷಯ ಹೇಳಬೇಕು.

ನನ್ನ ತಮ್ಮನಿಗೆ ಹುಟ್ಟಿನಿಂದ ಎಡಗಾಲು ಸೊಟ್ಟ. ನಡೀತಾನೆ, ಆದ್ರೆ ಓಡೋಕಾಗಲ್ಲ. ಭತ್ತ ಕೊಯ್ದಮೇಲೆ ಒಣಗಿದ ಗದ್ದೆಗಳಲ್ಲಿ ನಮ್ಮ ಓಣಿ ಹುಡುಗರ ಆಟ ನಡೀತಿತ್ತು: ಲಗೋರಿ, ಕಬಡ್ಡಿ, ಚಿನ್ನಿದಾಂಡು. ಇವನೂ ಬರೋನು. ದೊಡ್ಡ ಹುಡುಗರು ಅವನಿಗೆ ಒಂದು ಸ್ಥಾನ ಕೊಟ್ಟಿದ್ದರು. ಕನ್ನಡದ ಎಲ್ಲ ಮಕ್ಕಳಿಗೂ ಗೊತ್ತಿರೋ ಸ್ಥಾನ ಅದು: ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನು ಯಾವ ಕಡೆ ಬೇಕಾದ್ರೂ ನಿಲ್ಲಬಹುದು, ಚೆಂಡು ಎಸೀಬಹುದು, ಕೂಗಬಹುದು. ಅವನನ್ನ ಯಾರೂ ಔಟ್ ಮಾಡೋ ಹಾಗಿಲ್ಲ. ಮೂರು ವರ್ಷದ ಮಕ್ಕಳಿಗೆ ಕೊಡೋ ಸ್ಥಾನ ಅದು. ಅವನಿಗೆ ಹತ್ತು ವರ್ಷ.

ಅವನು ಸುಮ್ಮನೆ ಇರ್ತಿರಲಿಲ್ಲ. ಚೆಂಡು ಹಿಡಿದವನ ಎದುರಿಗೇ ಹೋಗಿ ನಿಂತು ಕಿರುಚೋನು: "ನನ್ನೂ ಔಟ್ ಮಾಡ್ರಲೇ! ಹೊಡೀರಲೇ ನನಗ!" ಯಾರೂ ಹೊಡೀತಿರಲಿಲ್ಲ. ಅವನ ತಲೆ ಮೇಲಿಂದ ಚೆಂಡು ಹಾರಿಸಿ ಹಿಂದಿನವನಿಗೆ ಹೊಡೆಯೋರು. ಎಷ್ಟೋ ದಿನ ಅಳ್ತಾ ಮನೆಗೆ ಬಂದಿದ್ದಾನೆ. ಅವ್ವ ಕೇಳೋಳು, "ಯಾರ್ ಹೊಡದ್ರೋ?" ಇವನ ಉತ್ತರ, "ಯಾರೂ ಹೊಡೀಲಿಲ್ಲವ್ವಾ." ಅವಳಿಗೆ ತಲೆಬುಡ ಅರ್ಥ ಆಗ್ತಿರಲಿಲ್ಲ.

ಕಂಪ್ಲಿಯಲ್ಲಿ ಈಗ ಅವನದು ಮೊಬೈಲ್ ರಿಪೇರಿ ಅಂಗಡಿ. ಕಳೆದ ವರ್ಷ ಬಿಡಿಭಾಗ ಕೊಳ್ಳೋಕೆ ಬೆಂಗಳೂರಿಗೆ ಬಂದಿದ್ದ. ಆ ಭಾನುವಾರ ನನ್ನ ರೂಮ್‌ಮೇಟ್‌ಗಳು, ಗೆಳೆಯರು ಸೇರಿ ಹತ್ತು ಜನ ಪೇಂಟ್‌ಬಾಲಿಗೆ ಹೊರಟಿದ್ದೆವು. "ನಾನೂ ಬರ್ತೀನಿ" ಅಂದ. ಅಲ್ಲಿ ಗೋಡೆ ಮೇಲೆ ಆಟಗಳ ಪಟ್ಟಿ ಅಂಟಿಸಿದ್ದರು. ಅದನ್ನ ಓದಿ, ಮಾರ್ಷಲ್ ಹತ್ತಿರ ಎರಡು ಪ್ರಶ್ನೆ ಕೇಳಿ, ವಿಐಪಿ ಆಡೋಣ ಅಂತ ಅವನೇ ಆರಿಸಿದ. ವಿಐಪಿ ನಾನಾಗ್ತೀನಿ ಅಂತಲೂ ಅವನೇ ಹೇಳಿದ.

ವಿಐಪಿಗೆ ಕೈಯಲ್ಲಿ ಮಾರ್ಕರ್ ಇಲ್ಲ, ಮೈಮೇಲೆ ಕಿತ್ತಳೆ ಜಾಕೆಟ್ಟು. ಮೈದಾನದ ಈ ತುದಿಯಿಂದ ಆ ತುದಿಗೆ ಅವನನ್ನ ತಂಡ ಮುಟ್ಟಿಸಬೇಕು. ಅವನಿಗೆ ಒಂದು ಗುಂಡು ಬಿದ್ದರೆ ಆಟವೇ ಮುಗೀತು, ಉಳಿದ ನಾಲ್ಕು ಜನ ಬದುಕಿದ್ದರೂ ಲೆಕ್ಕಕ್ಕಿಲ್ಲ. ಲೆಕ್ಕ ಹೇಗೆ ತಿರುಗಿತು ನೋಡಿ.

ನಮಗೆ ಓಡಿಹೋಗಿ ಮುಟ್ಟಿಸೋ ದಾರಿ ಇರಲಿಲ್ಲ, ಅವನ ನಡಿಗೆಗೇ ನಾವು ಹೆಜ್ಜೆ ಹಾಕಬೇಕಿತ್ತು. ಇಬ್ಬರು ಮುಂದಿನ ಡ್ರಮ್ಮಿಗೆ ಹೋಗಿ ಗುಂಡು ಸುರಿಸೋದು, ಇಬ್ಬರು ಅವನ ಎಡಬಲಕ್ಕೆ ನಿಂತು ಕರ್ಕೊಂಡು ಬರೋದು, ಮತ್ತೆ ಮುಂದಿನದಕ್ಕೆ. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಅಂತ ಅವನೇ ಹೇಳ್ತಿದ್ದ. "ತಡೀರಿ. ಎಡಗಡೆಯಂವ ಗುಂಡು ತುಂಬಾಕತ್ತಾನ. ಈಗ ನಡೀರಿ." ಎದುರಿನ ಐವರೂ ಹುಡುಕ್ತಿದ್ದಿದ್ದು ಅವನೊಬ್ಬನನ್ನೇ. ಮುಕ್ಕಾಲು ದಾರಿ ಹೋಗಿದ್ದೆವು. ಟಯರಿನ ಸಂದಿಯಿಂದ ಬಂದ ಗುಂಡು ಅವನ ಎದೆಗೆ ಬಿದ್ದು ಒಡೀತು. ಮಾರ್ಷಲ್ ಸೀಟಿ ಊದಿದ. ಆಟ ಮುಗೀತು, ನಾವು ಸೋತೆವು.

ಅವನ ಮುಖ ಮಾಸ್ಕಿನೊಳಗೆ ಕಾಣ್ತಿರಲಿಲ್ಲ, ದನಿ ಮಾತ್ರ ಕೇಳಿಸ್ತು. "ಅಣ್ಣಾ, ನಾ ಒಬ್ಬನ ಔಟಾಗಿದ್ದಕ್ಕ ಆಟಾನ ಮುಗೀತು ನೋಡು!" ಸೋತ ತಂಡದವನು ಹೇಳೋ ಧಾಟಿ ಅದಲ್ಲ. ಎದೆ ಮೇಲಿನ ನೀಲಿ ಕಲೆಯ ಫೋಟೋ ತೆಗೆದು ಊರಿನ ಗೆಳೆಯರಿಗೆಲ್ಲ ಕಳಿಸಿದ. ಅದು ಹೇಗೋ ಅವ್ವನವರೆಗೂ ಹೋಯ್ತು. ರಾತ್ರಿ ಫೋನು ಬಂತು: "ತಮ್ಮನ್ನ ಕರಕೊಂಡು ಹೋಗಿ ಗುಂಡು ಹೊಡಸೀದಿ ಏನಲೇ?" ಪಕ್ಕದಲ್ಲೇ ಇದ್ದ ಅವನು ಫೋನು ಕಿತ್ತುಕೊಂಡು ಅಂದ, "ಹೌದವ್ವಾ, ಹೊಡದ್ರು. ಚೆಂದಂಗ ಹೊಡದ್ರು."

ಅವತ್ತಿನಿಂದ ನನಗೆ ಆಟದ ಬಗೆಗಳನ್ನ ನೋಡೋ ಕಣ್ಣೇ ಬೇರೆ ಆಗಿದೆ. ಕೈಲಾಗದವರನ್ನ ಹೊಡೀದೇ ಬಿಡೋದು ಸುಲಭ. ಸೀನಿಯರ್ ಅಂತ ಮ್ಯಾನೇಜರನ್ನ ಬಿಡೋದು, ಪಾಪ ಅಂತ ಹೊಸಬರನ್ನ ಬಿಡೋದು, ಎರಡೂ ಒಂದೇ: ಆಟಕ್ಕುಂಟು ಲೆಕ್ಕಕ್ಕಿಲ್ಲ. ಆಫೀಸಿನಲ್ಲೂ ಹೀಗೇ. ಮೀಟಿಂಗಿಗೆ ಕರೀತಾರೆ, ಮಾತಾಡಿದರೆ ತಲೆ ಆಡಿಸ್ತಾರೆ, ನೀವು ಒಂದು ವಾರ ಬರದಿದ್ದರೂ ಯಾರ ಕೆಲಸವೂ ನಿಲ್ಲೋದಿಲ್ಲ. ಅಂಥ ಜಾಗದಲ್ಲಿ ಕೂತವರಿಗೆ ಬೇಕಾಗಿರೋದು ರಿಯಾಯಿತಿ ಅಲ್ಲ. ತಾನು ಔಟ್ ಆದ್ರೆ ತಂಡಕ್ಕೆ ನಷ್ಟ ಅನ್ನಿಸೋ ಒಂದು ಕೆಲಸ ಬೇಕು. ವೇಗವಾಗಿ ಓಡೋನಿಗೆ ಎಲ್ಲ ಆಟದಲ್ಲೂ ಜಾಗ ಇದ್ದೇ ಇರುತ್ತೆ. ಉಳಿದವರಿಗೂ ಜಾಗ ಮಾಡೋ ಆಟವನ್ನ ಹುಡುಕಿ ಆರಿಸಬೇಕು.

ಹಾಗಂತ ಎಲಿಮಿನೇಷನ್ ಆಡಲೇಬೇಡಿ ಅಂತಲ್ಲ. ಮಾರ್ಕರ್ ಕೈಗೆ ಹೊಂದಿಕೊಳ್ಳಲಿ ಅಂತ ಮೊದಲು ಒಂದು ಸುತ್ತು ಅದನ್ನೇ ಆಡಿ. ಆಮೇಲೆ ಬದಲಾಯಿಸಿ. ಫೋನಿನಲ್ಲಿ ಬುಕ್ ಮಾಡೋವಾಗ ಒಬ್ಬರಿಗೆ ಎಷ್ಟು ಗುಂಡು, ಎಕ್ಸ್‌ಟ್ರಾ ಗುಂಡಿಗೆ ಎಷ್ಟು ಅಂತ ಹೇಗೂ ಕೇಳ್ತೀರಿ. ಜೊತೆಗೆ ಯಾವ್ಯಾವ ಗೇಮ್ ಆಡಿಸ್ತೀರಿ ಅಂತಲೂ ಕೇಳಿ. ಮೆಡಿಕ್, ವಿಐಪಿ, ರೀಸ್ಪಾನ್ ಆಡಿದರೆ ಗುಂಡು ಬೇಗ ಖಾಲಿಯಾಗುತ್ತೆ, ಬಜೆಟ್ಟಿನಲ್ಲಿ ಅದಕ್ಕೆ ಸ್ವಲ್ಪ ಜಾಗ ಬಿಡಿ. ಕನ್ನಡಕ ಹಾಕೋರು ಮಾಸ್ಕ್ ಸರಿಯಾಗಿ ಕೂರುತ್ತಾ ಅಂತ ಮುಂಚೆಯೇ ನೋಡ್ಕೊಳ್ಳಿ. ಹತ್ತಡಿಗಿಂತ ಹತ್ತಿರ ಸಿಕ್ಕವರಿಗೆ ಹೊಡೀಬೇಡಿ, ಸರೆಂಡರ್ ಅನ್ನಿ ಅಂತ ಕೇಳಿ. ಮತ್ತೆ, ಬಂದೂಕು ಹಿಡಿಯೋಕೆ ಮನಸ್ಸಿಲ್ಲ ಅಂತ ಶೆಡ್ಡಿನಲ್ಲಿ ಕೂತವರು ಯಾರಾದರೂ ಇದ್ದರೆ, ಆ ಕಿತ್ತಳೆ ಜಾಕೆಟ್ಟು ಮೊದಲು ಅವರ ಕೈಗೆ ಕೊಡಿ.